ಹುಳ ಮುಟ್ಟೈತೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಮನುಷ್ಯ ಫೋನ್ ಮಾಡಿ, ತನ್ನ ಬೆಕ್ಕು ಎರಡು ದಿನದಿಂದ ತನಗೆ ಮುಖ ಕೊಡುತ್ತಿಲ್ಲ ಎಂದರೆ ನೀವಾದರೂ ಏನು ಹೇಳುತ್ತೀರಿ? ನನ್ನ ಬಾಯಿಗೆ ಬಂದದ್ದನ್ನು ನಾನು ನುಂಗಿಕೊಂಡೆ.

"ಹಾಲು ಕುಡೀತೈತಾ?" ಎಂದು ಕೇಳಿದೆ.

"ಕುಡೀತೈತೆ ಸಾರ್. ಆದ್ರೆ ನನ್ನ ಕಡೆ ನೋಡ್ದಂಗೆ ಕುಡೀತೈತೆ."

"ಹಂಗಾದ್ರೆ ಅದಕ್ಕೇನೂ ಆಗಿಲ್ಲ. ನಿಮ್ಮೇಲೆ ಸಿಟ್ಟು ಬಂದೈತೆ. ಇಡ್ರಿ ಫೋನು."

ಇದು ನಾನೇ ಮೈಮೇಲೆ ಎಳೆದುಕೊಂಡ ಕೆಲಸ, ಯಾರನ್ನೂ ದೂರುವಂತಿಲ್ಲ. ಹಿರಿಯೂರಿನ ಬಸ್ ಸ್ಟ್ಯಾಂಡ್ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿ ಕೊಡುತ್ತೇನೆ. ಎರಡು ವರ್ಷದ ಹಿಂದೆ ನಾವು ಮೂರು ಜನ ಸೇರಿ ಗಾಯಗೊಂಡ ಬೀದಿನಾಯಿ, ದನ, ದಾರಿ ತಪ್ಪಿ ಊರಿಗೆ ಬಂದ ಕಾಡುಪ್ರಾಣಿಗಳಿಗೆಂದು ಒಂದು ಸಹಾಯವಾಣಿ ಶುರುಮಾಡಿದೆವು. ಒಬ್ಬ ನಾನು, ಲಕ್ಷ್ಮೀಕಾಂತ್. ಇನ್ನೊಬ್ಬ ದುರ್ಗೇಶ್, ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಬಿಡುವಿನಲ್ಲಿ ಹಾವು ಹಿಡಿದು ಗುಡ್ಡಕ್ಕೆ ಬಿಟ್ಟುಬರುವವನು. ಮೂರನೆಯವರು ನಿವೃತ್ತ ಪಶುವೈದ್ಯೆ ಅನುಸೂಯ ಮೇಡಂ. ಪೋಸ್ಟರನ್ನು ನನ್ನ ಅಂಗಡಿಯಲ್ಲೇ ಮುದ್ರಿಸಿದ್ದರಿಂದ ಅದರ ಮೇಲೆ ನನ್ನ ನಂಬರನ್ನೇ ಹಾಕಿದೆ, ಅದೂ ದಪ್ಪ ಅಕ್ಷರದಲ್ಲಿ. ಹಿರಿಯೂರಿನಿಂದ ಧರ್ಮಪುರದವರೆಗೆ ಒಂದು ಬಸ್ ಶೆಲ್ಟರನ್ನೂ ಬಿಡದೆ ಅಂಟಿಸಿ ಬಂದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ಜನರಿಗೆ ಮಾತು ಬರುತ್ತದೆ, ವಿಷಯ ಹೇಳಲು ಬರುವುದಿಲ್ಲ. ಎರಡು ವರ್ಷದಲ್ಲಿ ನಾನು ಕಲಿತದ್ದು ಇದೊಂದೇ. "ರೋಡಲ್ಲಿ ನಾಯಿ ಬಿದ್ದೈತೆ" ಅನ್ನುತ್ತಾರೆ. ಯಾವ ರೋಡು ಎಂದರೆ "ಡಾಂಬರು ರೋಡು" ಅನ್ನುತ್ತಾರೆ. ಇನ್ನೂ ಬಿಡಿಸಿ ಕೇಳಿದರೆ, ಅವರು ಬಸ್ಸಿನಲ್ಲಿದ್ದಾರೆ, ನಾಯಿ ಹಿಂದೆ ಉಳಿದು ಅರ್ಧ ಗಂಟೆಯಾಗಿದೆ. ಒಬ್ಬಾತ ಕೋತಿ ಹಿಡಿಸಿಕೊಡಿ ಎಂದು ವಾರಗಟ್ಟಲೆ ಗಂಟುಬಿದ್ದಿದ್ದ. ಹಿಡಿದು ಎಲ್ಲಿ ಬಿಡೋಣ ಎಂದು ಕೇಳಿದ್ದಕ್ಕೆ, ಎದುರುಮನೆ ಮಾಳಿಗೆ ಮೇಲೆ ಬಿಟ್ಟರೆ ಸಾಕು ಅಂದ. ಅಂಗಡಿಯಲ್ಲೂ ನನಗೆ ಇದೇ ಗೋಳು: ಆಧಾರಿನಲ್ಲೊಂದು ಹೆಸರು, ರೇಷನ್ ಕಾರ್ಡಿನಲ್ಲೊಂದು ಹೆಸರು, ಕೇಳಿದರೆ ಎರಡೂ ನಾನೇ ಅನ್ನುತ್ತಾರೆ. ದಿನಕ್ಕೆ ನೂರು ಸಲವಾದರೂ "ಸರಿಯಾಗಿ ಹೇಳ್ರಿ" ಅನ್ನದೆ ನನಗೆ ಹೊತ್ತು ಮುಳುಗುವುದಿಲ್ಲ.

ಹೀಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದೆ. ಫೋನ್ ಬಂದ ಕೂಡಲೇ ಏನಾಗಿದೆ, ಎಲ್ಲಿ, ಫೋಟೋ ಇದೆಯಾ ಎಂದಷ್ಟೇ ಕೇಳುವುದು, ಉಳಿದ ಪುರಾಣವನ್ನು ಅಲ್ಲೇ ಕತ್ತರಿಸುವುದು. ನಮಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಹುಳದ್ದು. ನಾಯಿಗೆ ಎಲ್ಲೋ ತರಚಿರುತ್ತದೆ, ನೊಣ ಕೂತು ಮೊಟ್ಟೆಯಿಡುತ್ತದೆ, ನಾಲ್ಕು ದಿನಕ್ಕೆ ಗಾಯದ ತುಂಬ ಬಿಳಿ ಹುಳ. ನೋಡಲು ಅಸಹ್ಯ, ಆದರೆ ಔಷಧಿ ಸುಲಭ. ಹುಳ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಾನಾಗಿ ನೋಟ್‌ಬುಕ್ಕಿನಲ್ಲಿ 'ನಾಳೆ' ಎಂದು ಬರೆದುಬಿಡುತ್ತಿತ್ತು.

ಬೆಕ್ಕಿನವನ ಫೋನಿಟ್ಟು ಹಲ್ಲುಜ್ಜಿ ಬರುವಷ್ಟರಲ್ಲಿ ಮತ್ತೊಂದು ಬಂತು. ಏಳೂವರೆ ಆಗಿರಬಹುದು.

"ಅಲೋ, ಪ್ರಾಣಿಯೋರಾ?"

"ಪ್ರಾಣಿಯೋನೇ. ಹೇಳ್ರಿ."

"ನಾನಪ್ಪ, ಹರಿಯಬ್ಬೆ ಕೆಂಚಕ್ಕ. ನಮ್ ದೊರೆಗೆ ಹುಳ ಮುಟ್ಟೈತೆ. ಜಲ್ದಿ ಬರ್ರಿ."

"ಯಾವ ದೊರೆ?"

"ನಮ್ ದೊರೆ."

"ಅಮ್ಮಾ, ದೊರೆ ಅಂದ್ರೆ ಯಾರು? ಮನುಷ್ಯರಾ?"

"ನಾಯಿ ಕಣಪ್ಪ! ಮನುಷ್ಯರಿಗಾಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?"

ಹೆಂಗಸು ಜೋರಿದ್ದಳು. ನನಗೂ ರೇಗಿತು. "ಸರಿಯಾಗಿ ಹೇಳ್ರಮ್ಮ. ಎಲ್ಲಿ ಆಗೈತೆ?"

"ಹೊಲದಾಗೆ. ಬದುವಿನ ಕಲ್ಲತ್ರ."

"ನಾಯಿಗೆ ಎಲ್ಲಿ ಆಗೈತೆ ಅಂತ ಕೇಳಿದ್ದು!"

"ಮುಂಗಾಲಿಗೆ. ಆಗ್ಲೇ ಬಾತೈತೆ. ಎರಡು..."

"ಫೋಟೋ ಕಳಿಸ್ರಿ."

"ನಂದು ಡಬ್ಬಾ ಫೋನಪ್ಪ, ಅದ್ರಾಗೆ ಎಲ್ಲಿ ಫೋಟೋ ಬರ್ತೈತೆ?"

ಅಷ್ಟರಲ್ಲಿ ಇನ್ನೊಂದು ಕರೆ ಬರುತ್ತಿರುವ ಸದ್ದಾಯಿತು. ಮತ್ತೆ ಬೆಕ್ಕಿನವನೇ. ಅಂಗಡಿ ತೆಗೆಯುವ ಹೊತ್ತು ಬೇರೆ. ಯಾವುದೋ ನೇಮಕಾತಿಗೆ ಅವತ್ತು ಕೊನೇ ದಿನವಾಗಿದ್ದರಿಂದ ಭಾನುವಾರವೂ ಅಂಗಡಿ ಬಾಗಿಲಲ್ಲಿ ಜನ ಕಾದು ನಿಂತಿರುತ್ತಿದ್ದರು. ನಾನು ಎಂದಿನ ಪಾಠ ಒಪ್ಪಿಸಿದೆ.

"ನೋಡ್ರಮ್ಮ, ಅಲ್ಲಿ ಸೀತಾಫಲದ ಗಿಡ ಐತಾ? ಎಲೆ ತಂದು ನುಣ್ಣಗೆ ಅರೆದು ದಪ್ಪಗೆ ಹಚ್ರಿ. ಮೇಲೆ ಬಟ್ಟೆ ಕಟ್ರಿ, ನೆಕ್ಕಾಕೆ ಬಿಡಬ್ಯಾಡ್ರಿ. ನಾಳೆ ಬರ್ತೀವಿ."

"ನಾಳೇನಾ? ಅಲ್ಲಿಗಂಟ ತಡೀತೈತಾ?"

"ತಡೀತೈತೆ. ಹುಳಕ್ಕೆ ಯಾರೂ ಒಂದೇ ದಿನಕ್ಕೆ ಸಾಯಲ್ಲ."

ಈಗ ಅವಳ ದನಿಯೇ ಬೇರೆಯಾಗಿತ್ತು. "ಹೌದಾ? ನಿಮಗೆ ಗೊತ್ತಿರ್ತೈತೆ ಬಿಡ್ರಿ. ಹಂಗಾದ್ರೆ ಎಲೆ ತತ್ತೀನಿ" ಎಂದಳು. ಅಬ್ಬ, ಇವಳಾದರೂ ಹೇಳಿದ್ದನ್ನು ಕೇಳಿದಳಲ್ಲ ಎಂದು ನನಗೆ ಸಮಾಧಾನವಾಯಿತು. ನೋಟ್‌ಬುಕ್ಕಿನಲ್ಲಿ 'ಹರಿಯಬ್ಬೆ, ನಾಯಿ, ಹುಳ, ನಾಳೆ' ಎಂದು ಬರೆದು ಅಂಗಡಿಗೆ ಹೋದೆ.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ದುರ್ಗೇಶ ಕೈಯೊರೆಸಿಕೊಳ್ಳುತ್ತ ಒಳಗೆ ಬಂದ. ಅವನಿಗೆ ಯಾವುದೋ ಕಾಗದದ ಜೆರಾಕ್ಸ್ ಬೇಕಿತ್ತು. ನನಗೆ ಬೆಳಗಿನಿಂದ ತಲೆ ಕೆಟ್ಟಿತ್ತು, ಹೇಳಿಕೊಳ್ಳಲು ಒಬ್ಬ ಸಿಕ್ಕಿದ. ಬೆಕ್ಕಿನವನ ಕಥೆ ಹೇಳಿದೆ, ನಕ್ಕ. ಆಮೇಲೆ ಕೆಂಚಕ್ಕನ ದನಿಯನ್ನೇ ಅಣಕಿಸುತ್ತ ಅವಳ ಕಥೆ ಹೇಳಿದೆ.

"ನಾಯಿಗೆ ದೊರೆ ಅಂತ ಹೆಸರಿಟ್ಟವಳೆ ಮಾರಾಯ. 'ನಮ್ ದೊರೆಗೆ ಹುಳ ಮುಟ್ಟೈತೆ, ಜಲ್ದಿ ಬರ್ರಿ' ಅಂತ ಒಂದೇ ಸಮ. ನಾನು ಯಾವ ಸಂಸ್ಥಾನದ ದೊರೆಯಪ್ಪಾ ಅಂದ್ಕೊಂಡೆ."

ದುರ್ಗೇಶ ನಗಲಿಲ್ಲ. "ಏನಂದ್ಲು? ಬಿದ್ದೈತೆ ಅಂದ್ಲಾ, ಮುಟ್ಟೈತೆ ಅಂದ್ಲಾ?"

"ಎಲ್ಲಾ ಒಂದೇ..." ಎಂದು ಬಾಯಿ ತೆರೆದವನು ಅಲ್ಲೇ ನಿಂತೆ.

ಒಂದೇ ಅಲ್ಲ. ಗಾಯಕ್ಕೆ ಹುಳ ಬೀಳುತ್ತದೆ. ಮುಟ್ಟುವ ಹುಳವೇ ಬೇರೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಾವನ್ನು ಹಾವು ಎಂದು ಕರೆಯುವುದಿಲ್ಲ. ಹೆಸರು ಹಿಡಿದರೆ ಕರೆದಂತಾಗುತ್ತದೆ ಎಂಬ ಭಯ. ಕಚ್ಚಿದ ಮೇಲಂತೂ ಕಚ್ಚಿತು ಎಂಬ ಮಾತನ್ನೂ ಆಡುವುದಿಲ್ಲ. ಹುಳ ಮುಟ್ಟಿತು, ಅಷ್ಟೇ. ಇದು ನನಗೆ ಗೊತ್ತಿಲ್ಲದ ಮಾತಲ್ಲ. ಗೊತ್ತಿಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿನ್ ಫೋನಾಗೆ ಮಾತು ರೆಕಾರ್ಡ್ ಆಗ್ತೈತಲ್ಲ, ಹಾಕು" ಎಂದ ದುರ್ಗೇಶ.

ಹಾಕಿದೆ. ಕೆಂಚಕ್ಕ ಎರಡನೇ ಮಾತಿಗೇ ಮುಟ್ಟೈತೆ ಅಂದಿದ್ದಳು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬದುವಿನ ಕಲ್ಲಿನ ಹತ್ತಿರ ಅಂದಿದ್ದಳು. ಬಾತಿದೆ ಅಂದಿದ್ದಳು. ನಾನು ಫೋಟೋ ಎಂದು ಅರಚಿದಾಗ ನನ್ನ ದನಿಯ ಅಡಿಯಲ್ಲಿ ಅವಳ ದನಿಯೂ ಕೇಳುತ್ತಿತ್ತು: "ಎರಡು ಹಲ್ಲಿನ ಗುರುತು ಮೂಡೈತೆ."

"ಲೇ ಲಕ್ಷ್ಮೀಕಾಂತ..." ಎನ್ನುತ್ತ ದುರ್ಗೇಶ ಮೇಜಿನ ಮೇಲಿದ್ದ ನನ್ನ ಓಮ್ನಿಯ ಬೀಗದ ಕೈ ಎತ್ತಿಕೊಂಡ. ಅರ್ಜಿ ತುಂಬಿಸಲು ಕೂತಿದ್ದವರನ್ನೆಲ್ಲ ಹೊರಗೆ ಕಳಿಸಿ ಶಟರ್ ಎಳೆದೆ. ಕೆಂಚಕ್ಕನಿಗೆ ಫೋನ್ ಮಾಡಿದೆ.

"ದೊರೆ ಹೆಂಗೈತೆ ಕೆಂಚಕ್ಕ?"

"ಮಲಗೈತಪ್ಪ. ನೀವು ಹೇಳ್ದಂಗೇ ಎಲೆ ಹಚ್ಚೀನಿ. ಮೇಲಕ್ಕೆ ಬಾವು ಏರಿತು ಅಂತ ಇನ್ನೊಂದು ಸಲ ಅರೆದು ಹಚ್ಚಿದೆ. ಈಗ ಬಾಯಾಗೆ ರಕ್ತ ಬರ್ತೈತೆ. ಅಲ್ಲಿಗೂ ಹಚ್ಲಾ?"

"ಬ್ಯಾಡ. ಏನೂ ಹಚ್ಚಬ್ಯಾಡ್ರಿ. ಅಲುಗಾಡಿಸಬ್ಯಾಡ್ರಿ. ಈಗ್ಲೇ ಹೊಂಟೀವಿ."

"ನಾಳೆ ಅಂದಿದ್ರಲ್ಲ?"

ನಾನು ಫೋನ್ ಇಟ್ಟುಬಿಟ್ಟೆ.

ಅನುಸೂಯ ಮೇಡಂ ಊಟಕ್ಕೆ ಕೂತಿದ್ದವರು ಕೈತೊಳೆದು ಎದ್ದರು. ಅವರ ಫ್ರಿಜ್ಜಿನಲ್ಲಿ ಹಾವಿನ ವಿಷಕ್ಕೆ ಕೊಡುವ ಔಷಧಿಯ ಎರಡು ಬಾಟಲಿ ಸದಾ ಇರುತ್ತಿದ್ದವು. ಅವನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ನನ್ನ ಓಮ್ನಿಯಲ್ಲಿ ಕೂತರು. ದಾರಿ ಮುಕ್ಕಾಲು ಗಂಟೆಯದು. ನಡೆದದ್ದನ್ನು ದುರ್ಗೇಶನೇ ಹೇಳಿದ.

"ಮುಟ್ಟಿದ್ದು ಎಷ್ಟೊತ್ತಿಗೆ?" ಎಂದರು ಮೇಡಂ.

"ಏಳೂವರೆಗೆ ಫೋನ್ ಬಂತು ಮೇಡಂ" ಎಂದೆ.

ಅವರು ಗಡಿಯಾರ ನೋಡಿಕೊಂಡರು. ಒಂದು ಗಂಟೆ ಹತ್ತಿರ ಬಂದಿತ್ತು. "ಸೀತಾಫಲದ ಎಲೆ ಹಚ್ಚಿ ಅಂತ ಯಾರು ಹೇಳಿದ್ದು?"

"ನಾನೇ."

"ಲಕ್ಷ್ಮೀಕಾಂತ್, ನೀವು ಯಾವಾಗ ಡಾಕ್ಟ್ರಾದ್ರಿ? ನೀವು ಸುಮ್ನೆ 'ಗೊತ್ತಿಲ್ಲ' ಅಂದಿದ್ರೂ ಆಕೆ ಇನ್ಯಾರನ್ನಾದ್ರೂ ಕೇಳ್ತಿದ್ಲು." ಅವರು ಬೈಯಲಿಲ್ಲ, ಕೇಳಿದರು. ಅದಕ್ಕೇ ಇನ್ನೂ ಕಷ್ಟವಾಯಿತು.

ಈರುಳ್ಳಿ ಚೀಲ ಹೇರಿದ ಟ್ರಾಕ್ಟರೊಂದು ಮುಂದೆ ಹೋಗುತ್ತಿತ್ತು. ಎಡಕ್ಕೂ ಸರಿಯದು, ಬಲಕ್ಕೂ ಸರಿಯದು. ಹಾಡು ಬೇರೆ ಹಾಕಿಕೊಂಡಿದ್ದರಿಂದ ದುರ್ಗೇಶ ಹೊಡೆಯುತ್ತಿದ್ದ ಹಾರನ್ನು ಟ್ರಾಕ್ಟರಿನವನಿಗೆ ಕೇಳುತ್ತಿರಲಿಲ್ಲ. ಕಿಟಕಿಯಿಂದ ತಲೆ ಹಾಕಿ ಅವನ ಏಳು ತಲೆಮಾರನ್ನು ಬೈದೆ. ಅದೇ ಹೊತ್ತಿಗೆ ಫೋನ್ ಬಂತು. "ಸಾರ್, ಬೆಕ್ಕು ಈಗ ನೋಡ್ತೈತೆ" ಎಂದ ಪುಣ್ಯಾತ್ಮ, ಬಲು ಖುಷಿಯಿಂದ. ಅವನಿಗೆ ಏನಂದೆನೋ ನೆನಪಿಲ್ಲ. ಮೇಡಂ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ತಮ್ಮ ಚೀಲದೊಳಗೆ ಹಾಕಿದ್ದು ಮಾತ್ರ ನೆನಪಿದೆ.

ಊರಿನಿಂದ ಸ್ವಲ್ಪ ಆಚೆ, ಹೊಲದ ಅಂಚಿನಲ್ಲಿ ಮುಳ್ಳುಬೇಲಿಯ ಒಂದು ರೊಪ್ಪ, ಅದರೊಳಗೆ ಹನ್ನೊಂದು ಆಡು. ಪಕ್ಕದಲ್ಲೇ ಜಾಲಿಮರ. ಅದರ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದವಳೇ ಕೆಂಚಕ್ಕ. ಐವತ್ತೈದು ದಾಟಿರಬೇಕು, ಗಟ್ಟಿ ಹೆಂಗಸು. ಎತ್ತರದ ಕಂದು ನಾಯಿಯೊಂದು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಕಾಲಿಗೆ ಹಳೇ ಸೀರೆ ಹರಿದು ಅಚ್ಚುಕಟ್ಟಾಗಿ ಕಟ್ಟಿದ್ದಳು. ಅವಳ ಎರಡೂ ಅಂಗೈ ಹಸಿರಾಗಿದ್ದವು.

ಮೇಡಂ ಬಟ್ಟೆ ಬಿಚ್ಚಿದರು. ಎಲೆಯ ಘಾಟು ಮೂಗಿಗೆ ಹೊಡೆಯಿತು. ಕಾಲು ಭುಜದವರೆಗೆ ಬಾತು ಕಪ್ಪಾಗಿತ್ತು. ವಸಡಿನಿಂದ ರಕ್ತ ಜಿನುಗುತ್ತಿತ್ತು. "ಕೊಳಕುಮಂಡಲ ಇರಬೇಕು" ಎಂದರು. ಜಾಲಿಯ ಕೊಂಬೆಗೆ ಗ್ಲೂಕೋಸ್ ಬಾಟಲಿ ತೂಗುಹಾಕಿ, ತಂದಿದ್ದ ಎರಡೂ ಬಾಟಲಿಯ ಔಷಧಿಯನ್ನು ಅದಕ್ಕೆ ಸೇರಿಸಿದರು. ಇನ್ನು ಕಾಯಬೇಕು ಎಂದರು.

ಕಾಯುತ್ತ ಕೂತಾಗ ಕೆಂಚಕ್ಕ ತಾನಾಗಿಯೇ ಮಾತಾಡಿದಳು. ಗುಡ್ಡದ ಕಡೆ ತೋಳದ ಕಾಟ. ಎರಡು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಐದು ಮರಿ ಹೋಗಿದ್ದವು. ಆಮೇಲೆ ಈ ನಾಯಿ ಬಂತು. ಬಂದ ಮೇಲೆ ಒಂದು ಮರಿಯೂ ಹೋಗಿಲ್ಲ.

"ಆಡು ಇವನ ಮಾತು ಕೇಳ್ತಾವೆ, ನಂದು ಕೇಳಲ್ಲ. ಅದಕ್ಕೇ ದೊರೆ ಅಂದಿದ್ದು. ಇವನಿಲ್ದಿದ್ರೆ ನಾ ಒಬ್ಳೇ ಗುಡ್ಡಕ್ಕೆ ಹೋಗಂಗಿಲ್ಲ. ಆಡು ಮಾರಿ ಕೂಲಿಗೆ ಹೋಗ್ಬೇಕು, ಅಷ್ಟೇಯ." ಮಾತಾಡುತ್ತಲೇ ನಾಯಿಯ ಕಿವಿ ಸವರುತ್ತಿದ್ದಳು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ನಾಳೆ ಅಂದೋರು ಇವತ್ತೇ ಬಂದ್ರಿ. ಒಳ್ಳೇದಾತು" ಎಂದಳು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಓಡಿಹೋಗಲಿಲ್ಲ ಎಂಬುದೇನೂ ನನ್ನ ದೊಡ್ಡಸ್ತಿಕೆಯಲ್ಲ. ಓಮ್ನಿಯ ಬೀಗದ ಕೈ ದುರ್ಗೇಶನ ಜೇಬಿನಲ್ಲಿತ್ತು.

ದುರ್ಗೇಶ ಆಡುಗಳಿಗೆ ಅಪಾಯವಾಗಬಾರದೆಂದು ಕೋಲು ಹಿಡಿದು ಬದುವಿನ ಕಲ್ಲುಗಳನ್ನೆಲ್ಲ ಮಗುಚಿ ನೋಡಿ ಬಂದ. ಹಾವು ಸಿಗಲಿಲ್ಲ.

ಮೂರೂವರೆಯ ಹೊತ್ತಿಗೆ ನಾಯಿ ಒಮ್ಮೆ ತಲೆಯೆತ್ತಿ ರೊಪ್ಪದ ಕಡೆ ನೋಡಿತು. ಕೆಂಚಕ್ಕ "ಎದ್ದ, ಎದ್ದ" ಎಂದಳು. ನಾನೂ ಹಾಗೇ ಅಂದುಕೊಂಡೆ. ಅದು ಮತ್ತೆ ತಲೆಯಿಟ್ಟಿತು. ದೀರ್ಘವಾಗಿ ಎರಡು ಸಲ ಉಸಿರೆಳೆಯಿತು. ಮೂರನೆಯದಕ್ಕಾಗಿ ಎಲ್ಲರೂ ಕಾದೆವು. ಮೇಡಂ ಅದರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಆಮೇಲೆ ಸೂಜಿ ತೆಗೆದರು. ಬಾಟಲಿಯಲ್ಲಿ ಇನ್ನೂ ಅರ್ಧ ಔಷಧಿ ಉಳಿದಿತ್ತು.

ಕೆಂಚಕ್ಕ ದನಿಯೆತ್ತಿ ಅತ್ತಳು, ಎದೆಗೆ ಹೊಡೆದುಕೊಂಡು ಅತ್ತಳು. ಆ ಹುಳಕ್ಕೆ ಶಾಪ ಹಾಕಿದಳು, ತೋಳಗಳಿಗೆ ಹಾಕಿದಳು, ಆಡುಗಳನ್ನು ಕೂಡ ಬೈದಳು. ನನ್ನ ಹೆಸರು ಮಾತ್ರ ಎತ್ತಲಿಲ್ಲ. ಮೇಡಂ ಅವಳ ಪಕ್ಕ ಕೂತು ನೀರು ಕುಡಿಸಿದರು.

ಜಾಲಿಯ ಬುಡದಲ್ಲೇ ಹೂಳಬೇಕು ಎಂದಳು. ಗುದ್ದಲಿ, ಸಲಿಕೆ ಅವಳ ಹತ್ತಿರವೇ ಇದ್ದವು. ದುರ್ಗೇಶ ಅಗೆದ, ನಾನು ಮಣ್ಣೆತ್ತಿದೆ. ಸೊಂಟದ ಮಟ್ಟಕ್ಕೆ ಗುಂಡಿಯಾದ ಮೇಲೆ ನಾಯಿಯನ್ನು ಇಳಿಸಿದೆವು. ಕೆಂಚಕ್ಕ ತನ್ನ ಹೆಗಲ ಮೇಲಿದ್ದ ಟವಲನ್ನು ಅದರ ಮೇಲೆ ಹೊದಿಸಿದಳು. ಹೊದಿಸಿ ಎದ್ದು ನಿಂತು ನನ್ನನ್ನು ನೋಡಿದಳು.

"ಅಪ್ಪಾ, ಒಂದು ಕೇಳ್ತೀನಿ. ನಾನು ಫೋನಿನಾಗೆ ಸರಿಯಾಗಿ ಹೇಳ್ಲಿಲ್ವಾ?"

ಮಣ್ಣೆಳೆಯಲು ಎತ್ತಿದ್ದ ದುರ್ಗೇಶನ ಗುದ್ದಲಿ ನಿಂತಿತು.

"ನಾ ಓದಿದೋಳಲ್ಲ. ಗಾಬ್ರಿಯಾಗಿತ್ತು. ನಿಮಗೆ ತಿಳಿಯಂಗೆ ಹೇಳ್ಬೇಕಾಗಿತ್ತು. ನಂದೇ ತಪ್ಪೇನೋ" ಎಂದಳು.

ಎರಡು ವರ್ಷದಲ್ಲಿ ಫೋನ್ ಮಾಡಿದವರಲ್ಲಿ ಒಬ್ಬನೇ ಒಬ್ಬನೂ ತಾನು ಸರಿಯಾಗಿ ಹೇಳಲಿಲ್ಲ ಎಂದು ಒಪ್ಪಿಕೊಂಡವನಿಲ್ಲ. ಈಗ ಒಬ್ಬಳು ಒಪ್ಪಿಕೊಳ್ಳುತ್ತಿದ್ದಳು. ನಾನು ಹೂಂ ಅನ್ನಬೇಕಾಗಿಯೂ ಇರಲಿಲ್ಲ, ಸುಮ್ಮನೆ ಮಣ್ಣೆಳೆದಿದ್ದರೆ ಸಾಕಿತ್ತು. ದುರ್ಗೇಶ ನನ್ನ ಮುಖ ನೋಡಿ ಆಮೇಲೆ ನೆಲ ನೋಡಿದ. ಅವನು ಬಾಯಿ ಬಿಡುವವನಲ್ಲ.

"ಸರಿಯಾಗೇ ಹೇಳಿದ್ರಿ ಕೆಂಚಕ್ಕ. ನಾನು ಗಾಯದ ಹುಳ ಅಂದ್ಕೊಂಡೆ" ಎಂದೆ.

ಅವಳು ತನ್ನ ಅಂಗೈ ನೋಡಿಕೊಂಡಳು.

"ಈ ಎಲೆ ಗಾಯದ ಹುಳಕ್ಕಾ?"

"ಹೂಂ."

"ನಾನು ಮುಟ್ಟೈತೆ ಅಂದೆನಲ್ಲ?"

"ಅಂದ್ರಿ."

"ನಿಮ್ದು ಯಾವೂರು? ಬೆಂಗ್ಳೂರು ಕಡೆಯೋರಾ?"

ಹೌದು ಎಂದುಬಿಡಬಹುದಿತ್ತು. ಕ್ಷಮಿಸಲು ಅವಳು ನನಗಾಗಿ ಒಂದು ದಾರಿ ಹುಡುಕುತ್ತಿದ್ದಳು ಅನ್ನಿಸುತ್ತದೆ.

"ಹಿರಿಯೂರು. ನಮ್ಮವ್ವನ ತವರು ಇದೇ ಊರು, ಹರಿಯಬ್ಬೆ. ಚಿತ್ರಲಿಂಗಪ್ಪನ ಮನೆ."

"ನೀನು ತಿಪ್ಪಕ್ಕನ ಮಗನಾ?" ಎಂದಳು. ಅವಳ ಬಾಯಲ್ಲಿ ನೀವು ಹೋಗಿ ನೀನು ಬಂದಿತ್ತು.

ಹೌದೆಂದು ತಲೆಯಾಡಿಸಿದೆ.

"ತಿಪ್ಪಕ್ಕ ಅದನ್ನ ಏನಂತಿದ್ಲು?"

"ಹುಳ ಅಂತಿದ್ಲು" ಎಂದೆ.

ಕೆಂಚಕ್ಕ ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಮಣ್ಣು ಎಳೆಯತೊಡಗಿದಳು.